ನಿರೀಕ್ಷೆ ಎಂಬ ಒಂದು ಮಾತು

ಯಾರನ್ನಾದರೂ ಮನಸಾರೆ ಹೊಗಳಬೇಕಾದಾಗ ‘ಏನನ್ನೂ ನಿರೀಕ್ಷಿಸದೆ ಮಾಡಿದರು’ ಎನ್ನುತ್ತೇವೆ. ಭಾನುವಾರ ಚರ್ಚಿನಲ್ಲಿ ಕುಳಿತರೆ ಅದೇ ನಿರೀಕ್ಷೆಯನ್ನು ಬಿಡದೆ ಹಿಡಿದುಕೊಳ್ಳಿರಿ ಎಂದು ಕೇಳಿಸಿಕೊಳ್ಳುತ್ತೇವೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ನಂಬಿಕೆ ಮತ್ತು ಪ್ರೀತಿಗಳ ನಡುವೆ ಇರಿಸಿರುವುದು ಅದನ್ನೇ. ಮನೆಯಲ್ಲಿ ಬಿಡಬೇಕಾದದ್ದನ್ನು ಚರ್ಚಿನಲ್ಲಿ ಹಿಡಿಯಬೇಕಾದದ್ದು ಹೇಗೆ ಎಂಬ ಗೊಂದಲ ನನಗೆ ಬಹಳ ಕಾಲ ಇತ್ತು. ಅದು ಸ್ವಲ್ಪವಾದರೂ ಬಿಡಿಸಿಕೊಂಡದ್ದು ದೊಡ್ಡಮ್ಮನ ಮನೆಯಲ್ಲಿ.

ದೊಡ್ಡಮ್ಮನಿಗೆ ಈಗ 84 ವರ್ಷ. ಜೀವಮಾನವೆಲ್ಲ ಮಕ್ಕಳಿಗೆ ಲೆಕ್ಕ ಕಲಿಸಿದ ಅವರಿಗೆ ಮರೆವಿನ ಕಾಯಿಲೆ ಬಂದು, ಮನೆಯವರ ಹೆಸರುಗಳು ಒಂದೊಂದಾಗಿ ಅಳಿಸಿಹೋಗಿವೆ. ಸಂಜೆ ಹೋಗಿ ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಕಿವುಚಿ ಚಮಚದಲ್ಲಿ ಉಣಿಸುವುದು, ಹದಿನೈದು ದಿನಕ್ಕೊಮ್ಮೆ ಕಾಲಿನ ಉಗುರು ತೆಗೆಯುವುದು ನನ್ನ ಪಾಲಿನ ಕೆಲಸ. ಹೆಬ್ಬೆರಳಿನ ಉಗುರು ಹಳದಿಗಟ್ಟಿ, ಕರಟದಷ್ಟು ಗಡುಸಾಗಿರುವುದರಿಂದ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೂ ಅಂಚಿನಿಂದ ಚೂರುಚೂರಾಗಿಯೇ ಬರುತ್ತದೆ.

ಒಂದು ಸಂಜೆ ಅವರ ಉಂಗುರ ಕಾಣಲಿಲ್ಲ. ‘ನೀವೇ ತೆಗೆದದ್ದು, ಕೊಟ್ಟುಬಿಡಿ’ ಎಂದು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಉಂಗುರ ದಿಂಬಿನ ಚೀಲದೊಳಗೆ ಸಿಕ್ಕಿತಾದರೂ ನಾನು ಮೂರು ದಿನ ಆ ಕಡೆ ಹೋಗಲಿಲ್ಲ; ಜ್ವರವೆಂದು ಸುಳ್ಳು ಹೇಳಿದೆ. ಒಂದು ದಿನವಾದರೂ ಹೆಸರು ಹಿಡಿದು ಕರೆದಾರು ಎಂದು ಕಾದಿದ್ದೆನೆಂಬುದು, ನಿಸ್ವಾರ್ಥವೆಂದು ನಾನು ತಿಳಿದಿದ್ದ ಸೇವೆಯೊಳಗೆ ಬಾಕಿ ವಸೂಲಿಯ ಲೆಕ್ಕವೊಂದು ನಡೆದೇ ಇತ್ತೆಂಬುದು ಆಗ ಗೊತ್ತಾಯಿತು.

ಆ ಮೂರು ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಮಂಗಳೂರಿನ ಕಂಕನಾಡಿ. 1880ರಲ್ಲಿ ಅಲ್ಲಿ ಹೋಮಿಯೋಪಥಿ ಔಷಧ ಹಂಚಲು ತೊಡಗಿದ ಜರ್ಮನಿಯ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಅವರ ಹೆಸರಿನಲ್ಲಿ ಇಂದು ಅಲ್ಲಿರುವ ದೊಡ್ಡ ಆಸ್ಪತ್ರೆ ಎಲ್ಲರಿಗೂ ಗೊತ್ತು; ನನ್ನ ಮನಸ್ಸು ನಿಲ್ಲುವುದು ಆ ಆಶ್ರಯದ ಮೊದಲ ವರ್ಷಗಳಲ್ಲಿ. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಹಿಡಿದಿದ್ದರೂ, ಅದಕ್ಕೆ ನಿಜವಾಗಿ ನಾಟುವ ಔಷಧ ಬಂದದ್ದು 1940ರ ದಶಕದಲ್ಲಿ. ಅಂದರೆ ಹುಣ್ಣು ತೊಳೆದು ಬಟ್ಟೆ ಕಟ್ಟಿದವರಿಗೆ, ಹೊತ್ತುಹೊತ್ತಿಗೆ ಊಟ ಬಡಿಸಿದವರಿಗೆ, ಎದುರಿಗಿರುವವರು ವಾಸಿಯಾಗಿ ಎದ್ದು ಹೋಗುವುದನ್ನು ಕಾಣುವ ಸುಖವೇ ಇರಲಿಲ್ಲ. ಬರೀ ಕನಿಕರವಾಗಿದ್ದರೆ ಅದು ಬೇಗ ಬತ್ತುತ್ತಿತ್ತು; ನನ್ನದು ಒಂದು ಉಂಗುರಕ್ಕೇ ಬತ್ತಿತು.

ಚರ್ಚು ಹೇಳುವ ನಿರೀಕ್ಷೆ ಯಾವುದೆಂಬುದು ಕೊರಿಂಥದ ಪತ್ರದಲ್ಲಿಯೇ ಇನ್ನೂ ಮುಂದಕ್ಕೆ ಇದೆ: 15ನೆಯ ಅಧ್ಯಾಯವೆಲ್ಲ ಪುನರುತ್ಥಾನದ, ಅಂದರೆ ಸತ್ತವರು ಮತ್ತೆ ಜೀವದಿಂದ ಏಳುವ ಮಾತು. ಮರಣವೇ ಸೋತಿತೆಂದು ಸಾರಿದ ಪೌಲನು, ಆದ್ದರಿಂದ ನಿಮ್ಮ ದುಡಿಮೆ ವ್ಯರ್ಥವಲ್ಲವೆಂದು ಮುಗಿಸಿ, ಮರುವಾಕ್ಯದಲ್ಲೇ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ವಿಷಯಕ್ಕೆ ಬರುತ್ತಾನೆ. ಅಧ್ಯಾಯಗಳ ಗೆರೆ ಎಳೆದವರು ನಂತರದವರು. ಅವನ ಪತ್ರದಲ್ಲಿ ಪುನರುತ್ಥಾನಕ್ಕೂ ಕಾಣಿಕೆಯ ಹಣಕ್ಕೂ ನಡುವೆ ಅಂಥ ಗೋಡೆಯಿರಲಿಲ್ಲ.

ಇದು ಪರಲೋಕದ ಕೂಲಿಗಾಗಿ ಮಾಡುವ ಸೇವೆಯಲ್ಲವೇ ಎಂದು ಸ್ನೇಹಿತರು ಚುಚ್ಚುವುದುಂಟು. ಕೆಲವರ ಮಟ್ಟಿಗೆ ಆ ಚುಚ್ಚು ಸರಿಯೇ. ಆದರೆ ನಾನು ನೆಚ್ಚಿಕೊಂಡಿರುವುದು ನನಗೆ ಸಿಗಲಿರುವ ಯಾವುದನ್ನೂ ಅಲ್ಲ; ದೊಡ್ಡಮ್ಮನಿಂದ ಕಳೆದುಹೋದದ್ದು ದೇವರಿಂದ ಕಳೆದುಹೋಗಿಲ್ಲ, ಅವರು ಒಂದು ದಿನ ಇಡಿಯಾಗಿ ಏಳುವರು ಎಂಬುದನ್ನು. ಅವರನ್ನು ಸರಿಪಡಿಸುವ ಹೊಣೆ ಬೇರೊಬ್ಬರದಾದ ಮೇಲೆ, ಅವರು ಇಂದು ನನ್ನನ್ನು ಗುರುತಿಸಲೇಬೇಕೆಂಬ ಹಟ ನನಗೆ ಬೇಕಾಗುವುದಿಲ್ಲ. ಕೆಲವು ಸಂಜೆ ಆ ಹಟ ತಿರುಗಿ ಬರುತ್ತದೆಂಬುದೂ ನಿಜ.

ನಾಲ್ಕನೆಯ ದಿನ ಹೋದಾಗ ‘ನೀವು ಯಾರ ಮನೆಯವರು?’ ಎಂದು ಕೇಳಿದರು. ಮೊದಲಾಗಿದ್ದರೆ ಹೆಸರು ಹೇಳಿ, ನೆನಪಾಯಿತೇ ಎಂದು ಪರೀಕ್ಷೆಗೆ ಇಳಿಯುತ್ತಿದ್ದೆ. ಆ ದಿನ ‘ಗಂಜಿ ತಂದಿದ್ದೇನೆ’ ಎಂದಷ್ಟೇ ಹೇಳಿ, ಅದು ಮುಗಿದ ಮೇಲೆ ಕಾಲುಗಳನ್ನು ಬಿಸಿನೀರಿಗೆ ಇಳಿಸಿದೆ. ಒಂದೊಂದು ಉಗುರು ತೆಗೆದ ಹಾಗೆ ಅವರು ಗಟ್ಟಿಯಾಗಿ, ಹಳೆಯ ತರಗತಿಯ ದನಿಯಲ್ಲಿ ಎಣಿಸತೊಡಗಿದರು. ಏಳರವರೆಗೆ ಬಂದು ತಡವರಿಸಿ, ಮತ್ತೆ ಒಂದರಿಂದ ಶುರುಮಾಡಿದರು. ಅಷ್ಟರಲ್ಲಿ ನೀರು ಆರಿತ್ತು; ಇನ್ನೊಂದು ಚೊಂಬು ಬಿಸಿನೀರು ತರಲು ಎದ್ದೆ.