ಕಾರ್ತಿಕದ ಮದುವೆಗೆ ಮೊಗ್ಗಿನ ಜಡೆ: ಸುಗಂಧರಾಜ ಕೊನೆಗೂ ಮಾತು ಕೇಳಿತು

ಸುಗಂಧರಾಜದ ಮೊಗ್ಗು ರಾತ್ರಿಯಿಡೀ ಬಾಯಿ ಬಿಡದೆ ನಿಂತಿದೆ! ಪ್ರಯೋಗಕ್ಕೆ ಅಂತ ಸಂಜೆ ಹೊಲಿದಿಟ್ಟ ಜಡೆ ಬೆಳಿಗ್ಗೆ ಹತ್ತು ಗಂಟೆಗೂ ಮೊಗ್ಗಿನ ಜಡೆಯಾಗಿಯೇ ಇದೆ. ಸಾಲು ಕದಲಿಲ್ಲ, ಬಣ್ಣ ಕೆಟ್ಟಿಲ್ಲ. ಹಾಗಾಗಿ ಈ ಸಲ ಮಂಟಪ, ತೋರಣ, ಧಾರೆ ಹಾರ ಯಾವುದರ ಬಗ್ಗೆಯೂ ಜಾಸ್ತಿ ಬರೆಯುವುದಿಲ್ಲ. ಪೂರ್ತಿ ಜಡೆಯ ಕಥೆಯೇ.

ಹೊಸಬರಿಗೆ ಎರಡು ಮಾತು. ಅಕ್ಕನ ಮಗಳ ಮದುವೆ. ತುಳಸಿ ಹಬ್ಬ ಮುಗಿದ ಮೇಲೆ, ಧನುರ್ಮಾಸ ಹಿಡಿಯುವ ಮುಂಚೆ ಸಿಕ್ಕ ಮುಹೂರ್ತ. ಛತ್ರ ಬಸವನಗುಡಿಯಲ್ಲಿ. ಹೂವಿನ ಕೆಲಸವೆಲ್ಲ ನಮ್ಮ ಮನೆಯವರದ್ದೇ, ಕಂಟ್ರಾಕ್ಟ್ ಕೊಟ್ಟಿಲ್ಲ. ಆ ಕಾಲದಲ್ಲಿ ಬೆಂಗಳೂರಿನ ಸುತ್ತ ತಾನಾಗಿಯೇ ಬಿಡುವ ಹೂವನ್ನೇ ಬಳಸಬೇಕು ಅಂತ ಮೊದಲೇ ತೀರ್ಮಾನವಾಗಿತ್ತು.

ಮಂಟಪಕ್ಕೆ ಆಯ್ಕೆ ಕಷ್ಟವೇ ಆಗಲಿಲ್ಲ. ಕಾರ್ತಿಕ ಅಂದರೆ ಸೇವಂತಿಗೆಯ ಕಾಲ. ಹಗಲು ಚಿಕ್ಕದಾದರೆ ಮಾತ್ರ ಮೊಗ್ಗು ಕಟ್ಟುವ ಗಿಡ ಅದು. ಜೂನ್‌ನಲ್ಲಿ ನಮ್ಮಲ್ಲಿ ಹಗಲು 13 ಗಂಟೆಯ ಹತ್ತಿರ ಹೋಗುತ್ತದೆ, ನವೆಂಬರ್ ಕೊನೆಗೆ ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ. ಹಾಗಾಗಿ ಈಗ ಕೆ.ಆರ್. ಮಾರ್ಕೆಟ್‌ನಲ್ಲಿ ಎಲ್ಲಿ ನೋಡಿದರೂ ಹಳದಿ ಬಿಳಿ ರಾಶಿ. ಜೊತೆಗೆ ಚೆಂಡುಹೂ. ಎರಡೂ ಗಟ್ಟಿ ಹೂಗಳು, ಹಿಂದಿನ ದಿನ ಕಟ್ಟಿದರೂ ನಡೆಯುತ್ತದೆ. ಒಂದೇ ತಕರಾರು, ನೀರು. ಹಿಂಗಾರು ಮಳೆ ಇದ್ದಾಗ ಹೂ ಹೇಗೂ ಒದ್ದೆ, ಅದರ ಮೇಲೆ ಕೆಲವರು ನೀರು ಬೇರೆ ಚಿಮುಕಿಸಿ ತೂಗುತ್ತಾರೆ. ಕಾಸು ಕೊಟ್ಟು ನೀರು ಹೊತ್ತು ತಂದ ಹಾಗೆ. ಅದಕ್ಕಿಂತ ದೊಡ್ಡ ಸಂಕಟ ಮನೆಗೆ ಬಂದ ಮೇಲೆ. ಒದ್ದೆ ಸೇವಂತಿಗೆ ಮೂಟೆಯೊಳಗೇ ಬಿಸಿಯಾಗಿ ನಡುವಿನಿಂದ ಕೊಳೆಯಲು ಶುರುವಾಗುತ್ತದೆ. ತಂದ ತಕ್ಷಣ ಹಳೇ ಪಂಚೆಯ ಮೇಲೆ ಹರಡಿ ಫ್ಯಾನ್ ಹಾಕಿ. ಇಷ್ಟು ಸಾಕು, ಮುಂದಕ್ಕೆ ಹೋಗೋಣ.

ತಲೆ ತಿಂದಿದ್ದು ಜಡೆ. ಮೊಗ್ಗಿನ ಜಡೆ ಅಂದರೆ ಮಲ್ಲಿಗೆ, ಮಲ್ಲಿಗೆ ಅಂದರೆ ಬೇಸಿಗೆ. ಮೈಸೂರು ಮಲ್ಲಿಗೆಯಾಗಲಿ ಹಡಗಲಿ ಮಲ್ಲಿಗೆಯಾಗಲಿ, ಚಳಿ ಬಂತೆಂದರೆ ಕೈ ಎಳೆದುಕೊಳ್ಳುತ್ತದೆ. ಆಮೇಲೆ ಮದುವೆ ದಿನಗಳಲ್ಲಿ ಕೆಜಿಗೆ ಸಾವಿರ ರೂಪಾಯಿ ದಾಟುವುದು ಮಾಮೂಲು. ಅಷ್ಟು ಕೊಟ್ಟರೂ ಸಿಗುವುದು ಸಣಕಲು ಮೊಗ್ಗು. ಕಾಕಡ ಅನ್ನುವ ಇನ್ನೊಂದು ಬಗೆಯ ಮಲ್ಲಿಗೆ ಈ ಕಾಲಕ್ಕೆ ಚೆನ್ನಾಗಿ ಸಿಗುತ್ತದೆ, ಆದರೆ ತೀರಾ ತೆಳು, ಪರಿಮಳವೂ ಅಷ್ಟಕ್ಕಷ್ಟೇ. ಬಟ್ಟೆ ಮೊಗ್ಗಿನ ರೆಡಿಮೇಡ್ ಜಡೆ ತೋರಿಸಿದೆ. ಹುಡುಗಿ ಒಂದೇ ಮಾತು ಹೇಳಿದಳು: "ಬೇಡ ಚಿಕ್ಕಮ್ಮ, ಕಣ್ಣು ಮುಚ್ಚಿಕೊಂಡರೂ ಜಡೆ ಇದೆ ಅಂತ ಗೊತ್ತಾಗಬೇಕು."

ಹೀಗೆ ಸುಗಂಧರಾಜಕ್ಕೆ ಬಂದೆವು. ಬಿಳಿ, ಉದ್ದ, ಗಟ್ಟಿ ಮೊಗ್ಗು. ಈ ಕಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ಮೂಲ ಮೆಕ್ಸಿಕೋ ಆದರೂ ನಮ್ಮೂರಿನ ಹೂವೇ ಆಗಿಬಿಟ್ಟಿದೆ. ಶೃಂಗಾರ್, ಪ್ರಜ್ವಲ್ ಅನ್ನುವ ಒಳ್ಳೆಯ ತಳಿಗಳನ್ನು ಕೊಟ್ಟಿದ್ದು ಇಲ್ಲೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಪ್ರಜ್ವಲ್ ಮೊಗ್ಗಿನ ತುದಿಯಲ್ಲಿ ನಸುಗೆಂಪಿನ ಛಾಯೆ ಇರುತ್ತದೆ, ಕನಕಾಂಬರದ ಪಕ್ಕದಲ್ಲಿ ಇಟ್ಟರೆ ಎಷ್ಟು ಚೆಂದ ಗೊತ್ತಾ!

ಆದರೆ ಅರಳುವುದು ಅದರ ಹುಟ್ಟುಗುಣ. ಸುಗಂಧರಾಜ ಬಾಯಿ ಬಿಡುವುದೇ ಸಂಜೆಯ ಮೇಲೆ. ಮಾರ್ಕೆಟ್‌ನಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಬಿಡಿ ಮೊಗ್ಗು, ಅಂದು ಸಂಜೆ ಅರಳಲಿ ಅಂತಲೇ ಬೆಳಗಿನ ಜಾವ ಕಿತ್ತಿರುವುದು. ಜಡೆ ಹೊಲಿಯುವುದು ಹಿಂದಿನ ದಿನ, ಮುಹೂರ್ತ ಮರುದಿನ ಬೆಳಿಗ್ಗೆ. ನಡುವೆ ಒಂದು ಪೂರ್ತಿ ರಾತ್ರಿ! ಪ್ರತಿ ಸಲ ಬೆಳಿಗ್ಗೆ ನೋಡಿದರೆ ಅಚ್ಚುಕಟ್ಟಾದ ಸಾಲುಗಳ ಬದಲು ಪೊದೆ. ಒಂದು ಮೊಗ್ಗು ಅರಳಿದರೆ ಪಕ್ಕದ್ದನ್ನು ತಳ್ಳುತ್ತದೆ, ಅದು ಅದರ ಪಕ್ಕದ್ದನ್ನು. ಹೊಲಿಗೆ ಸಡಿಲಾಗಿ ಕೆಳಗೆ ಆಧಾರಕ್ಕಿಟ್ಟ ಬಾಳೆಪಟ್ಟೆ ಕಾಣಿಸುತ್ತದೆ.

ಫ್ರಿಜ್ಜಿನಲ್ಲಿ ಇಟ್ಟು ನೋಡಿದ್ದೂ ಆಯಿತು. ಒಳಗೆ ಇರುವಷ್ಟು ಹೊತ್ತು ಸುಮ್ನೆ ಇರುತ್ತದೆ. ಹೊರಗೆ ತೆಗೆದರೆ ಮೈಮೇಲೆಲ್ಲ ನೀರಿನ ಹನಿ, ಸ್ವಲ್ಪ ಹೊತ್ತಿಗೆ ಕಂದು ಕಲೆ. ಅದೂ ಅಲ್ಲದೆ ಛತ್ರದಲ್ಲಿ ಫ್ರಿಜ್ ಸಿಕ್ಕರೂ ಅದರಲ್ಲಿ ಹಾಲು ಮೊಸರು ತುಂಬಿರುತ್ತದೆ. ಉಗ್ರಾಣದಲ್ಲಿ ತಂಪಿದೆ ಅಂತ ಹೂವಿನ ಬುಟ್ಟಿಯನ್ನು ಅಲ್ಲಿ ಇಡಿಸಲು ಹೋಗಬೇಡಿ. ಅಲ್ಲಿ ಬಾಳೆಗೊನೆ ಇರುತ್ತದೆ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಗಾಳಿಗೆ ಹೂ ಬೇಗ ಬಾಡುತ್ತದೆ. ನವೆಂಬರ್ ರಾತ್ರಿ ಬೆಂಗಳೂರಲ್ಲಿ ಹೇಗೂ 17–18 ಡಿಗ್ರಿಗೆ ಇಳಿಯುತ್ತದೆ. ಕಿಟಕಿ ತೆರೆದ ಖಾಲಿ ಕೋಣೆ, ಹಿಂಡಿದ ಒದ್ದೆ ಬಟ್ಟೆ, ಅಷ್ಟೇ ಸಾಕು.

ದಾರಿ ತೋರಿಸಿದ್ದು ಹಾಲ್‌ನ ಹೂದಾನಿ. ಅದರಲ್ಲಿದ್ದ ಸುಗಂಧರಾಜದ ಕಡ್ಡಿಯನ್ನು ಹತ್ತಿರದಿಂದ ನೋಡುತ್ತಾ ಕೂತಿದ್ದೆ. ಮೊಗ್ಗುಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತವೆ. ಕೆಳಗಿನ ಜೋಡಿ ಮೊದಲು ಅರಳುತ್ತದೆ, ಆಮೇಲೆ ಅದರ ಮೇಲಿನದ್ದು, ಹೀಗೆ ಹತ್ತುತ್ತಾ ಹೋಗುತ್ತದೆ. ಇವತ್ತು ಅರಳುವ ಮೊಗ್ಗು ಊದಿಕೊಂಡು ಹೊರಕ್ಕೆ ಬಾಗಿರುತ್ತದೆ, ಬಣ್ಣ ಹಾಲುಬಿಳಿ. ಅದಕ್ಕಿಂತ ಎರಡು ಮೂರು ಜೋಡಿ ಮೇಲಿನದ್ದು ಇನ್ನೂ ನೆಟ್ಟಗೆ, ಬಿಗಿಯಾಗಿ, ಬುಡದಲ್ಲಿ ಒಂಚೂರು ಹಸಿರು. ಅದರ ಸರದಿ ಬರಲು ಇನ್ನೂ ದಿನಗಳಿವೆ. ಕಡ್ಡಿಯಿಂದ ಬಿಡಿಸಿದ ಮೇಲೆ ಅದಕ್ಕೆ ಪೂರ್ತಿ ಅರಳುವ ಕಸುವೂ ಉಳಿಯುವುದಿಲ್ಲ.

ಅಂದರೆ ಬಿಡಿ ಮೊಗ್ಗು ಬೇಡ, ಕಡ್ಡಿ ತರಬೇಕು. ಕೆಳಗಿನ ಊದಿದ ಮೊಗ್ಗು ಬಿಟ್ಟು ನಡುವಿನದ್ದನ್ನು ಬಿಡಿಸಿಕೊಳ್ಳಬೇಕು.

ಇದರಿಂದ ಇನ್ನೊಂದು ಲಾಭ ತಾನಾಗಿಯೇ ಬಂತು. ಜಡೆ ಮೇಲೆ ಅಗಲ, ಕೆಳಗೆ ಸಣ್ಣ. ಕಡ್ಡಿಯ ಮೊಗ್ಗೂ ಕೆಳಗೆ ದಪ್ಪ, ತುದಿಗೆ ಹೋಗುತ್ತಾ ಸಣ್ಣ. ಗಾತ್ರ ಆರಿಸುವ ಕೆಲಸವನ್ನು ಗಿಡವೇ ಮಾಡಿಟ್ಟಿದೆ! ನಡುವಿನ ಮೊಗ್ಗು ಹೆರಳಿನ ಹತ್ತಿರಕ್ಕೆ, ತುದಿಯ ಹಸಿರು ಮೊಗ್ಗು ಜಡೆಯ ಕೊನೆಗೆ.

ಸೂಜಿಯದ್ದೂ ಹೇಳಿಬಿಡುತ್ತೇನೆ. ಮೊಗ್ಗಿನ ಮೈಗೆ ಸೂಜಿ ಹಾಕಿದರೆ ಬೆಳಿಗ್ಗೆಗೆ ತೂತಿನ ಸುತ್ತ ಕಂದಾಗುತ್ತದೆ. ಮಲ್ಲಿಗೆಯಲ್ಲಿ ಇದು ಅಷ್ಟಾಗಿ ಕಾಣದು, ಇಲ್ಲಿ ಎದ್ದು ಕಾಣುತ್ತದೆ. ಅತ್ತೆ ಹೇಳಿಕೊಟ್ಟ ಉಪಾಯವೇ ಗೆದ್ದಿತು. ಮೊದಲು ಬಾಳೆನಾರಿನಲ್ಲಿ ಜೋಡಿ ಮೊಗ್ಗು ಇಟ್ಟು, ಬುಡದ ಹತ್ತಿರ ಗಂಟು ಬೀಳುವ ಹಾಗೆ ಸರ ಕಟ್ಟುವುದು. ಆಮೇಲೆ ಸರವನ್ನು ಬಾಳೆಪಟ್ಟೆಯ ಮೇಲೆ ಇಟ್ಟು, ನಾರನ್ನು ಮಾತ್ರ ಹಿಡಿದು ಹೊಲಿಯುವುದು. ಮೇಲಿನ ಸಾಲಿನ ಮೊಗ್ಗು ಕೆಳಗಿನ ಸಾಲಿನ ಗಂಟನ್ನು ಮುಚ್ಚಬೇಕು. ಮೊಗ್ಗಿಗೆ ಸೂಜಿ ತಾಗುವುದೇ ಇಲ್ಲ.

ಈಗ ಕಡ್ಡಿ ಮಾರುವವರ ಬಗ್ಗೆ. ಕಡ್ಡಿ ಕೇಳಿದರೆ ಕೊಡುವುದು ಡಬಲ್ ಸುಗಂಧರಾಜ, ಅಂದರೆ ಹಲವು ಸುತ್ತು ಎಸಳಿನದ್ದು. ಹೂದಾನಿಗೆ, ಬೊಕೆಗೆ ಅದೇ ಹೋಗುವುದು. ಅದರ ಮೊಗ್ಗು ಡುಬ್ಬ, ಸಾಲಿಗೆ ಕೂರುವುದಿಲ್ಲ. ನಮಗೆ ಬೇಕಾದ ಸಿಂಗಲ್, ಅಂದರೆ ಒಂದೇ ಸುತ್ತು ಎಸಳಿನದ್ದು, ಬಿಡಿ ಹೂವಾಗಿ ಮಾರಾಟವಾಗುತ್ತದೆ, ಕಡ್ಡಿ ಸಮೇತ ಕತ್ತರಿಸಿದರೆ ಬೆಳೆದವರಿಗೆ ಮುಂದಿನ ಮೊಗ್ಗು ನಷ್ಟ. ಒಬ್ಬರು ಸಿಂಗಲ್ ಅಂತ ಒಪ್ಪಿಕೊಂಡು, ಮೇಲೆ ನಾಲ್ಕು ಸಿಂಗಲ್ ಇಟ್ಟು ಒಳಗೆಲ್ಲ ಡಬಲ್ ತುಂಬಿ ಕಳಿಸಿದರು. ತುಂಬಾ ಬೇಜಾರಾಯಿತು. ಮಾರ್ಕೆಟ್‌ನಲ್ಲಿ ಖಾಯಂ ಹೂ ಕೊಡುವ ಅಮ್ಮ ಮಾತ್ರ ನಕ್ಕೂ ನಕ್ಕೂ ಸುಸ್ತು: "ಎಲ್ಲರೂ ಅರಳೋ ಹೂ ಕೇಳ್ತಾರೆ ಅಕ್ಕ, ನೀವೊಬ್ಬರು ಅರಳಬಾರದು ಅಂತೀರ!" ನಕ್ಕರೂ ದೊಡ್ಡಬಳ್ಳಾಪುರದ ಕಡೆಯ ತೋಟದವರೊಬ್ಬರನ್ನು ಗುರುತು ಮಾಡಿಸಿಕೊಟ್ಟರು. ಪೂರ್ತಿ ಕಡ್ಡಿಯ ಬೆಲೆ ಕೊಟ್ಟರೆ ಸಿಂಗಲ್ ಕತ್ತರಿಸಿ ಕೊಡಲು ಅವರು ಒಪ್ಪಿದ್ದಾರೆ. ಅದು ನ್ಯಾಯವಾದ ಬೆಲೆಯೇ.

ಅವರ ತೋಟಕ್ಕೆ ಹೋಗಿ ಬರುವಾಗ ಕತ್ತಲಾಗಿತ್ತು. ದಾರಿಯಲ್ಲಿ ಒಂದು ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯುತ್ತಿತ್ತು. ರಾತ್ರಿ ದೀಪ ಹಾಕಿದರೆ ಗಿಡಕ್ಕೆ ಹಗಲು ದೊಡ್ಡದಾದ ಹಾಗೆ, ಮೊಗ್ಗು ಕಟ್ಟುವುದನ್ನು ಮುಂದೂಡುತ್ತದೆ. ಅಲ್ಲೇ ಮುಂದಿನ ಯೋಜನೆ ಹುಟ್ಟಿತು. ತಾರಸಿಯಲ್ಲಿ ಸೇವಂತಿಗೆ ಕುಂಡಗಳ ಮೇಲೆ ಎಲ್‌ಇಡಿ ಬಲ್ಬು, ಟೈಮರ್. ಜನವರಿ ಕೊನೆಯವರೆಗೆ ದೀಪ ಹಾಕಿ ಆಮೇಲೆ ನಿಲ್ಲಿಸಿದರೆ, ಎರಡು ತಿಂಗಳ ಲೆಕ್ಕದಲ್ಲಿ ಯುಗಾದಿಯ ಆಸುಪಾಸಿಗೆ ಹೂ ಸಿಗಬೇಕು. ಪಕ್ಕದಲ್ಲೇ ಪ್ರಜ್ವಲ್ ಗೆಡ್ಡೆ ನೆಡುವ ಆಸೆಯೂ ಇದೆ. ಟೈಮರ್ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ, ರಾತ್ರಿ ಎಷ್ಟು ಹೊತ್ತಿಗೆ ಎಷ್ಟು ಗಂಟೆ ದೀಪ ಹಾಕಿದಿರಿ ಅಂತ.

ಜಡೆಗೆ ಬರೋಣ. ಒಂದು ಪೇಚು ಉಳಿದಿತ್ತು. ಅರಳದ ಸುಗಂಧರಾಜಕ್ಕೆ ಪರಿಮಳ ತೀರಾ ಕಮ್ಮಿ. ಹುಡುಗಿ ಕೇಳಿದ್ದು ಅದನ್ನೇ ಅಲ್ವಾ? ಅದಕ್ಕೆ ಕುಚ್ಚಿಗೆ ಮಾತ್ರ ಕಡ್ಡಿಯ ಕೆಳಗಿನ ಊದಿದ ಮೊಗ್ಗು ಹಾಕುತ್ತೇನೆ. ಅವು ರಾತ್ರಿ ಅರಳಲಿ, ಕುಚ್ಚು ತುಂಬಿಕೊಂಡಷ್ಟೂ ಚೆಂದ. ಹೆರಳಿನ ಬುಡದಲ್ಲಿ ದವನ ಮತ್ತು ಮರುಗ. ಅಂಚಿಗೆ ಡೆಲ್ಲಿ ತಳಿಯ ಕನಕಾಂಬರ, ಬಣ್ಣ ಗಾಢ, ಬೇಗ ಬಾಡುವುದೂ ಇಲ್ಲ. ಈ ವಾರ ಕುಚ್ಚನ್ನು ಬೇರೆಯಾಗಿ ಕಟ್ಟಿ ಅರಳಿಸಿ ನೋಡುತ್ತೇನೆ. ಭಾರ ಜಾಸ್ತಿಯಾದರೆ ಮೂರು ಕುಚ್ಚಿನ ಬದಲು ಒಂದೇ ಸಾಕು.