ಯಾವ ಡಬ್ಬಕ್ಕೆ ಯಾವ ಪುಸ್ತಕ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಒಂದು ಲೈಬ್ರರಿಗೆ ಕೊಡೋಣ ಅಂತ ಮನೆಯಲ್ಲಿ ಮಾತಾಯಿತು. ಲೈಬ್ರರಿಯವರು ಒಂದೇ ಷರತ್ತು ಹಾಕಿದ್ದರು. ಸುಮ್ನೆ ತುಂಬಿ ಕಳಿಸಬೇಡಿ, ಕಾದಂಬರಿ, ಕವನ, ಆತ್ಮಕಥೆ, ಮಕ್ಕಳ ಪುಸ್ತಕ ಅಂತ ಬೇರೆ ಬೇರೆ ಮಾಡಿ ಕೊಡಿ ಎಂದಿದ್ದರು. ಮನೆಯಲ್ಲಿ ಓದುವ ಹುಚ್ಚು ಇರುವವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು. ಜೊತೆಗೆ ಚಿಕ್ಕಪ್ಪನ ಮಗಳು. ನನಗಿಂತ ಚಿಕ್ಕವಳು. ಪುಸ್ತಕ ಅಂದರೆ ಅವಳಿಗೆ ಅಷ್ಟಕ್ಕಷ್ಟೆ.

ಚಿಕ್ಕಪ್ಪನ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮ್ಮ ಕಾಯಿಲೆಯಲ್ಲಿ ಹೋಗಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಅವರು ಚಿಕ್ಕಮ್ಮನ ಹೆಸರೆತ್ತಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅತ್ತದ್ದನ್ನೂ ನೋಡಿರಲಿಲ್ಲ. ‘ಗಟ್ಟಿ ಮನುಷ್ಯ’ ಅನ್ನುತ್ತಿದ್ದರು ನೆಂಟರು. ಕೆಲವರು ಹೊಗಳಿ, ಕೆಲವರು ಆಡಿಕೊಂಡು.

ಬೆಳಿಗ್ಗೆ ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದು ಶುರು ಮಾಡಿದೆವು. ಮೊದಲು ಚೆನ್ನಾಗಿಯೇ ನಡೆಯಿತು. ಇತಿಹಾಸ, ಪ್ರವಾಸ, ರೇಡಿಯೋ ರಿಪೇರಿ. ಆಮೇಲೆ ಸಿ. ಎಸ್. ಲೂಯಿಸ್ ಬರೆದ ‘ಎ ಗ್ರೀಫ್ ಅಬ್ಸರ್ವ್ಡ್’ ಕೈಗೆ ಬಂತು. ಇದನ್ನು ಯಾವ ಡಬ್ಬಕ್ಕೆ ಹಾಕುವುದು? ಹೆಂಡತಿ ಜಾಯ್ 1960ರಲ್ಲಿ ತೀರಿಕೊಂಡಾಗ ಲೂಯಿಸ್ ಮನೆಯಲ್ಲಿ ಸಿಕ್ಕ ಖಾಲಿ ನೋಟ್‌ಬುಕ್‌ಗಳಲ್ಲಿ ಬರೆಯುತ್ತಾ ಹೋದರು. ಅವು ಮುಗಿದರೆ ಇದಕ್ಕಾಗಿ ಹೊಸದು ಕೊಳ್ಳುವುದಿಲ್ಲ, ಅಲ್ಲಿಗೆ ನಿಲ್ಲಿಸುತ್ತೇನೆ ಅಂತ ತೀರ್ಮಾನ ಮಾಡಿಕೊಂಡಿದ್ದರು. ಮರುವರ್ಷ ಅದು ಪುಸ್ತಕವಾದಾಗ ಅದರ ಮೇಲೆ ಅವರ ಹೆಸರಿರಲಿಲ್ಲ. ಬೇರೆ ಹೆಸರಿತ್ತು. ಹಾಗಾಗಿ ದುಃಖಕ್ಕೆ ಒಳ್ಳೆಯದು ಅಂತ ಸ್ನೇಹಿತರು ಅದೇ ಪುಸ್ತಕವನ್ನು ಅವರಿಗೇ ಓದಲು ಹೇಳಿದ್ದರಂತೆ. ಆತ್ಮಕಥೆ ಅಂದರೆ ಆತ್ಮಕಥೆ. ದೇವರ ಜೊತೆ ಜಗಳ ಇರುವುದರಿಂದ ಧರ್ಮದ ಡಬ್ಬಕ್ಕೂ ಹೋಗಬಹುದು.

ನಾನು ಯೋಚಿಸುತ್ತಾ ಮೊದಲ ಪುಟ ತೆರೆದೆ. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ತಿಂಗಳು, ವರ್ಷ. ಕೊಂಡ ದಿನವನ್ನು ಹಾಗೆ ಬರೆದಿಡುವುದು ಚಿಕ್ಕಪ್ಪನ ಅಭ್ಯಾಸ.

ತಂಗಿ ಬಗ್ಗಿ ನೋಡಿದಳು. “ಅಮ್ಮ ಹೋದ ಮೇಲೆ ತಗೊಂಡಿದ್ದು” ಎಂದಳು.

ಅಷ್ಟೇ. ಅಲ್ಲಿಂದ ಲೈಬ್ರರಿಯವರ ಷರತ್ತು ಮರೆತೇಹೋಯಿತು. ಡಬ್ಬಕ್ಕೆ ಹಾಕಿದ್ದನ್ನೆಲ್ಲ ಹೊರಗೆ ತೆಗೆದೆವು. ಮೊದಲ ಪುಟದ ತಾರೀಖು ನೋಡಿ ನೋಡಿ ನೆಲದ ಮೇಲೆ ಸಾಲಾಗಿ ಜೋಡಿಸತೊಡಗಿದೆವು.

ಚಿಕ್ಕಮ್ಮ ಹೋದ ಮೇಲಿನ ಸಾಲು ಪತ್ತೇದಾರಿ ಕಾದಂಬರಿಗಳಿಂದ ಶುರುವಾಗುತ್ತಿತ್ತು. ರಾಶಿ ರಾಶಿ ಇದ್ದವು. ತಂಗಿಗೆ ನಗು ಬಂತು. “ಸತ್ತವರ ಮನೇಲಿ ಕೂತು ಕೊಲೆ ಕಥೆ ಓದ್ತಿದ್ರಾ?” ಎಂದಳು. ನನಗೆ ಹಾಗನ್ನಿಸಲಿಲ್ಲ. ಪತ್ತೇದಾರಿ ಕಥೆಯಲ್ಲಿ ಸಾವಿಗೆ ಒಂದು ಕಾರಣ ಇರುತ್ತದೆ. ಯಾಕೆ ಸತ್ತರು, ಯಾರಿಂದ ಸತ್ತರು ಅನ್ನುವುದಕ್ಕೆ ಕೊನೆಯ ಪುಟದೊಳಗೆ ಉತ್ತರ ಸಿಕ್ಕೇ ಸಿಗುತ್ತದೆ. ಕಾಯಿಲೆ ಹಾಗಲ್ಲ. ಅದರಲ್ಲಿ ಹಿಡಿದುಕೊಡುವುದಕ್ಕೆ ಯಾರೂ ಇಲ್ಲ. ಇನ್ನೊಂದು ಅನುಕೂಲವೂ ಇದೆ. ಅಲ್ಲಿ ಸತ್ತವರಿಗಾಗಿ ಯಾರೂ ಹೆಚ್ಚು ಹೊತ್ತು ಅಳುವುದಿಲ್ಲ, ಪತ್ತೇದಾರನಿಗೆ ಪುರಸೊತ್ತೇ ಇರುವುದಿಲ್ಲ. ಆ ಪುಸ್ತಕಗಳಲ್ಲಿ ಚಿಕ್ಕಪ್ಪ ಎಲ್ಲೂ ಗೀಟು ಹಾಕಿರಲಿಲ್ಲ.

ಗೀಟುಗಳು ಶುರುವಾಗಿದ್ದು ಆಮೇಲಿನ ಪುಸ್ತಕಗಳಲ್ಲಿ.

ನಡುವೆ ಎಲಿಜಬೆತ್ ಕೂಬ್ಲರ್-ರಾಸ್ ಬರೆದ ‘ಆನ್ ಡೆತ್ ಅಂಡ್ ಡೈಯಿಂಗ್’ ಸಿಕ್ಕಿತು. ಅದನ್ನು ಯಾರೋ ಉಡುಗೊರೆ ಕೊಟ್ಟಿದ್ದರು. ತಾರೀಖಿಲ್ಲ, ಗೀಟಿಲ್ಲ, ಬೆನ್ನು ಮಡಿಸಿದ ಗುರುತೂ ಇಲ್ಲ. ದುಃಖಕ್ಕೆ ಐದು ಹಂತ ಅಂತ ಎಲ್ಲರೂ ಹೇಳುತ್ತಾರಲ್ಲ, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು, ಅದು ಬಂದದ್ದು 1969ರ ಈ ಪುಸ್ತಕದಿಂದ. ಆದರೆ ಆ ವೈದ್ಯೆ ಮಾತಾಡಿಸಿದ್ದು ಸಾಯುತ್ತಿರುವ ರೋಗಿಗಳನ್ನು, ಹಿಂದೆ ಉಳಿದವರನ್ನಲ್ಲ. ಉಳಿದವರಿಗೆ ಆ ಪಟ್ಟಿ ಅಂಟಿಕೊಂಡಿದ್ದು ಆಮೇಲೆ. ಪುಸ್ತಕ ಒಳ್ಳೆಯದೇ, ರೋಗಿಗಳ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿಸಿಕೊಂಡವರು ಕಡಿಮೆ. ನನಗೆ ಕಿರಿಕಿರಿ ಆಗುವುದು ‘ಈಗ ಯಾವ ಹಂತದಲ್ಲಿದ್ದೀರಿ’ ಅಂತ ಕೇಳುವ ಜನರ ಬಗ್ಗೆ. ಚಿಕ್ಕಪ್ಪನನ್ನೂ ಯಾರೋ ಹಾಗೆ ಕೇಳಿರಬೇಕು.

ಜೋನ್ ಡಿಡಿಯನ್ ಅವರ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’ ಮಾತ್ರ ಪೂರ್ತಿ ಸವೆದಿತ್ತು. 2003ರ ಡಿಸೆಂಬರ್ ಕೊನೆಯಲ್ಲಿ ಡಿಡಿಯನ್ ಗಂಡ ರಾತ್ರಿ ಊಟಕ್ಕೆ ಕೂತಲ್ಲೇ ಕುಸಿದು ಹೋದರು. ಮಗಳು ಆಗ ಆಸ್ಪತ್ರೆಯಲ್ಲಿದ್ದಳು. 2005ರಲ್ಲಿ ಬಂದ ಈ ಪುಸ್ತಕದಲ್ಲಿ ಡಿಡಿಯನ್ ಗಂಡನ ಬಟ್ಟೆಗಳನ್ನು ಎತ್ತಿ ಕೊಡುತ್ತಾ ಬೂಟುಗಳ ಹತ್ತಿರ ನಿಂತುಬಿಡುತ್ತಾರೆ. ವಾಪಸ್ ಬಂದರೆ ಅವರಿಗೆ ಬೂಟು ಬೇಕಲ್ಲ ಅನ್ನುವ ಯೋಚನೆ. ಬುದ್ಧಿಗೆ ಎಲ್ಲಾ ಗೊತ್ತು, ಕೈ ಮಾತ್ರ ಕೇಳುವುದಿಲ್ಲ. ಆ ಪುಟದ ಅಂಚಿನಲ್ಲಿ ಚಿಕ್ಕಪ್ಪ ಒಂದೇ ಪದ ಬರೆದಿದ್ದರು. ‘ಕನ್ನಡಕ’.

ತಂಗಿ ಎದ್ದು ಹೋಗಿ ಮೇಜಿನ ಡ್ರಾಯರ್ ಎಳೆದಳು. ಚಿಕ್ಕಮ್ಮನ ಕನ್ನಡಕ ಪೆಟ್ಟಿಗೆ ಸಮೇತ ಅಲ್ಲೇ ಇತ್ತು. ಅವಳು ಅದನ್ನು ಇಷ್ಟು ವರ್ಷ ನೋಡುತ್ತಲೇ ಇದ್ದಳು. ಹಳೇ ಸಾಮಾನು, ಬಿಸಾಡಲು ಸೋಮಾರಿತನ ಅಂದುಕೊಂಡಿದ್ದಳಂತೆ.

ಆತ್ಮಕಥೆಗೆ ಒಂದು ಮಿತಿ ಇದೆ. ಆದದ್ದನ್ನು ಹೇಳಬಹುದು, ಆಗದೇ ಇದ್ದದ್ದನ್ನು ಮಾಡಿ ತೋರಿಸಲು ಬರುವುದಿಲ್ಲ. ಹೋದವರು ಬಾಗಿಲು ತಟ್ಟಲಾರರು. ಅದಕ್ಕೆ ದೆವ್ವದ ಕಥೆಯೇ ಬೇಕು. ಸಾಲಿನಲ್ಲಿ ಮುಂದೆ ಬಂದವು ಅವೇ. ಇದನ್ನು ನಾವಿಬ್ಬರೂ ನಿರೀಕ್ಷಿಸಿರಲಿಲ್ಲ. ಚಿಕ್ಕಪ್ಪ ಗಣಿತದ ಮನುಷ್ಯ, ದೆವ್ವ ಅಂದರೆ ನಗುತ್ತಿದ್ದರು.

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಇತ್ತು. ಸಿನಿಮಾಗಳಿಂದಾಗಿ ನಮಗೆ ಅದು ರಾಕ್ಷಸನ ಕಥೆ. ಆದರೆ ಅವಳ ಬದುಕು ನೋಡಿ. ಅವಳು ಹುಟ್ಟಿದ ಕೆಲವೇ ದಿನಕ್ಕೆ ತಾಯಿ ಸತ್ತರು. 1815ರಲ್ಲಿ ಅವಳ ಮೊದಲ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿ ತೀರಿಕೊಂಡಿತು. ಅದಾದ ಮೇಲೆ ಒಂದು ದಿನ ಡೈರಿಯಲ್ಲಿ ಕನಸು ಬರೆದಿಟ್ಟಳು. ಮಗು ಸತ್ತಿರಲಿಲ್ಲ, ಮೈ ತಣ್ಣಗಾಗಿತ್ತಷ್ಟೆ, ಬೆಂಕಿಯ ಮುಂದೆ ಉಜ್ಜಿದೆವು, ಬದುಕಿತು ಅಂತ. ಎಚ್ಚರವಾದಾಗ ಮಗು ಇಲ್ಲ. ಮರುವರ್ಷ, ಇನ್ನೂ ಹದಿನೆಂಟು ವಯಸ್ಸಿನಲ್ಲಿ, ಹೆಣಕ್ಕೆ ಜೀವ ಕೊಡುವ ವಿಜ್ಞಾನಿಯ ಕಥೆ ಶುರು ಮಾಡಿದಳು. 1818ರಲ್ಲಿ ಅದು ಹೆಸರಿಲ್ಲದೆ ಅಚ್ಚಾಯಿತು. ಆ ಡೈರಿಯ ಮಾತು ಗೊತ್ತಾದ ಮೇಲೆ ನನಗೆ ಆ ಕಾದಂಬರಿಯನ್ನು ಭಯದ ಪುಸ್ತಕ ಅನ್ನಲು ಬಾಯೇ ಬರುವುದಿಲ್ಲ.

ಇನ್ನೊಂದು ದೆವ್ವದ ಕಥೆಗಳ ಸಂಕಲನ. ಅದರಲ್ಲಿ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ ‘ದಿ ಮಂಕೀಸ್ ಪಾ’, 1902ರ ಕಥೆ. ಮೂರು ವರ ಕೊಡುವ ಮಂಗನ ಪಂಜ. ಮೊದಲ ವರದಲ್ಲಿ ಹಣ ಕೇಳುತ್ತಾರೆ, ಹಣ ಬರುತ್ತದೆ. ಮಗ ಯಂತ್ರಕ್ಕೆ ಸಿಕ್ಕಿ ಸತ್ತ ಪರಿಹಾರವಾಗಿ. ಎರಡನೆಯದರಲ್ಲಿ ತಾಯಿ ಹಟ ಹಿಡಿದು ಮಗನನ್ನೇ ಕೇಳಿಸುತ್ತಾಳೆ. ರಾತ್ರಿ ಬಾಗಿಲು ಬಡಿದ ಸದ್ದು. ತಾಯಿ ಕುರ್ಚಿ ಹತ್ತಿ ಮೇಲಿನ ಚಿಲಕ ತೆಗೆಯಲು ಒದ್ದಾಡುತ್ತಾಳೆ. ತಂದೆಗೆ ಗೊತ್ತು, ಮಣ್ಣಾದ ಮೇಲೆ ಬಂದದ್ದು ಹೇಗಿರುತ್ತದೆ ಅಂತ. ಅವನು ಕತ್ತಲಲ್ಲಿ ಪಂಜ ಹುಡುಕಿ ಮೂರನೆಯ ವರ ಕೇಳುತ್ತಾನೆ. ಬಾಗಿಲು ತೆರೆದಾಗ ಹೊರಗೆ ಯಾರೂ ಇಲ್ಲ.

ಓದುವವರೆಲ್ಲ ಆ ಹೊತ್ತಿನಲ್ಲಿ ತಂದೆಯ ಕಡೆಗಿರುತ್ತಾರೆ. ಬೇಗ ಕೇಳಪ್ಪ, ಚಿಲಕ ತೆಗೆಯುವ ಮೊದಲು ಕೇಳು ಅನ್ನಿಸುತ್ತದೆ. ನಾನೂ ಹಾಗೇ ಓದಿದ್ದೆ. ಚಿಕ್ಕಪ್ಪ ತಾಯಿ ಚಿಲಕಕ್ಕೆ ಕೈ ಹಾಕುವ ಸಾಲಿನ ಪಕ್ಕದಲ್ಲಿ ಬರೆದಿದ್ದರು. ‘ತೆಗೆಯಲಿ ಬಿಡು.’

ತಂಗಿಗೆ ಅದನ್ನು ತೋರಿಸಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

“ನನ್ನ ಹತ್ರ ಒಂದು ಮಾತು ಆಡ್ಲಿಲ್ಲ ಅಕ್ಕ. ಒಂದೇ ಒಂದು ಮಾತು. ನಾನು ಪಕ್ಕದ ರೂಮಲ್ಲಿ ಇದ್ದೆ. ಇವರು ಇಲ್ಲಿ ಪುಸ್ತಕಕ್ಕೆ ಪೆನ್ಸಿಲ್ ಗೀಚ್ತಾ ಕೂತಿದ್ರಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಓದುವವರ ಬಗ್ಗೆ ಈ ದೂರು ನ್ಯಾಯವಾದದ್ದೇ. ಪುಸ್ತಕ ಏನನ್ನೂ ವಾಪಸ್ ಕೇಳುವುದಿಲ್ಲ, ಮಗಳು ಕೇಳುತ್ತಾಳೆ. ನಾನು ಮಾತಾಡದೆ ಮುಂದಿನ ಪುಸ್ತಕ ತೆಗೆದೆ.

ಅದು ಸ್ಟಾನಿಸ್ಲಾವ್ ಲೆಮ್ ಅವರ ‘ಸೋಲಾರಿಸ್’. ಪೋಲೆಂಡಿನ ಲೇಖಕ, 1961ರ ಸೈನ್ಸ್ ಫಿಕ್ಷನ್. ಲೂಯಿಸರ ಪುಸ್ತಕ ಬಂದದ್ದೂ ಅದೇ ವರ್ಷ ಅಂತ ನೆನಪಾಗಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಒಬ್ಬ ಗಂಡ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ, ನೆನಪಿನಲ್ಲಿರುವ ಹೆಂಡತಿ ನಿಜವಾದವಳೋ ನಾನು ಕಟ್ಟಿಕೊಂಡವಳೋ ಅಂತ ಹೆದರುತ್ತಾನೆ. ಇನ್ನೊಂದರಲ್ಲಿ ದೂರದ ಗ್ರಹದ ಸಮುದ್ರ ಒಬ್ಬ ವಿಜ್ಞಾನಿಯ ನೆನಪನ್ನೇ ಹೆಕ್ಕಿ, ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಹೆಂಗಸನ್ನು ಮೈ ಕೈ ಸಮೇತ ಎದುರಿಗೆ ತಂದು ನಿಲ್ಲಿಸುತ್ತದೆ. ಲೂಯಿಸರ ಭಯವೇ ಇಲ್ಲಿ ಎದ್ದು ಓಡಾಡುತ್ತದೆ. ಅವನು ಹೆದರಿ ಅವಳನ್ನು ರಾಕೆಟ್ಟಿನಲ್ಲಿ ಕೂರಿಸಿ ಕಳಿಸಿಬಿಡುತ್ತಾನೆ. ಮತ್ತೆ ಬರುತ್ತಾಳೆ. ತಾನು ಅವಳಲ್ಲ ಅಂತ ಆಮೇಲೆ ಅವಳಿಗೇ ಗೊತ್ತಾಗುತ್ತದೆ. ಇಷ್ಟು ಹತ್ತಿರದ ಎರಡು ಪುಸ್ತಕಗಳು ಯಾವ ಲೈಬ್ರರಿಯಲ್ಲೂ ಒಂದೇ ಕಪಾಟಿನಲ್ಲಿ ಇರುವುದಿಲ್ಲ.

ಕನ್ನಡ ಪುಸ್ತಕಗಳು ಬೇರೆ ಬೇರೆ ತಾರೀಖಿನವು, ಸಾಲಿನ ಉದ್ದಕ್ಕೂ ಚದುರಿದ್ದವು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಬಹಳ ಹಳೆಯ ಪ್ರತಿ, ಬಹುಶಃ ಕಾಲೇಜಿನ ಕಾಲದ್ದು. ಆದರೆ ಸ್ಮಶಾನದ ಭಾಗದಲ್ಲಿ ಪೆನ್ಸಿಲ್ ಹೊಸದು. ಹಾವು ಕಚ್ಚಿ ಸತ್ತ ಮಗನನ್ನು ಚಂದ್ರಮತಿ ಒಬ್ಬಳೇ ಹೊತ್ತು ತರುತ್ತಾಳೆ. ಸುಡಬೇಕಾದರೆ ತೆರಿಗೆ ಕೊಡು ಅನ್ನುತ್ತಾನೆ ಕಾವಲುಗಾರ. ಕಾವಲುಗಾರ ಗಂಡನೇ. ಗುರುತು ಸಿಕ್ಕ ಮೇಲೂ ತೆರಿಗೆ ಬಿಡುವುದಿಲ್ಲ. ಶಾಲೆಯಲ್ಲಿ ನಮಗೆ ಇದನ್ನು ಸತ್ಯದ ಕಥೆ ಅಂತಲೇ ಹೇಳಿಕೊಟ್ಟಿದ್ದರು. ಮಗುವನ್ನು ಕಳೆದುಕೊಂಡ ಇಬ್ಬರು ಎದುರೆದುರು ನಿಂತೂ ಒಬ್ಬರಿಗೊಬ್ಬರು ಸಿಗದೇ ಹೋಗುವ ಕಥೆ ಅಂತ ಯಾರೂ ಹೇಳಲಿಲ್ಲ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕೂಡ ಅದೇ ಜಾಗದಲ್ಲಿ ನಿಂತಿದೆ, ಅಲ್ವಾ? ಮಗು ಹೋಗಿದೆ. ಕವಿ ಮಾತಾಡುವುದು ಹೆಂಡತಿಯ ಕಣ್ಣಿನ ಜೊತೆ. ಆ ನೋಟ ತಡೆಯಲಾಗುತ್ತಿಲ್ಲ. ಆ ಪುಟಕ್ಕೆ ಚಿಕ್ಕಪ್ಪ ಗೀಟೂ ಹಾಕಿರಲಿಲ್ಲ, ಏನೂ ಬರೆದಿರಲಿಲ್ಲ. ತೆರೆದರೆ ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತಿತ್ತು.

‘ಮೇಘದೂತ’ದಲ್ಲಿ ಮಾತ್ರ ಅವರು ಜಗಳಕ್ಕೆ ಇಳಿದಿದ್ದರು. ಕಾಳಿದಾಸನ ಯಕ್ಷನಿಗೆ ಶಾಪ ಒಂದು ವರ್ಷದ್ದು. ಮೋಡದ ಕೈಲಿ ಹೆಂಡತಿಗೆ ಹೇಳಿ ಕಳಿಸುವ ಹೊತ್ತಿಗೆ ಉಳಿದಿರುವುದು ನಾಲ್ಕೇ ತಿಂಗಳು. ಕಣ್ಣು ಮುಚ್ಚಿ ಕಳೆದುಬಿಡು ಅನ್ನುತ್ತಾನೆ. ಅಲ್ಲಿ ಅಂಚಿನಲ್ಲಿ, ‘ಲೆಕ್ಕ ಇದೆ ಇವನಿಗೆ. ಪುಣ್ಯವಂತ.’ ಹಂಬಲಕ್ಕೂ ಸಾವಿನ ದುಃಖಕ್ಕೂ ಇರುವ ದೂರವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ವಿಮರ್ಶೆಯಲ್ಲೂ ಓದಿಲ್ಲ. ಕಾಳಿದಾಸನ ಪದ್ಯ ನನಗೆ ಇಷ್ಟ, ಆದರೂ ಈ ವಿಷಯದಲ್ಲಿ ನಾನು ಚಿಕ್ಕಪ್ಪನ ಕಡೆ.

ಕೊನೆಗೆ ಉಳಿದದ್ದು ಮಕ್ಕಳ ಪುಸ್ತಕದ ಡಬ್ಬ. ಅದರಲ್ಲಿ ಇದ್ದದ್ದು ಹೆಚ್ಚಿನವು ತಂಗಿ ಚಿಕ್ಕವಳಿದ್ದಾಗಿನವು. ಒಂದು ಮಾತ್ರ ಅಲ್ಲ. ಮೈಕೇಲ್ ರೋಸೆನ್ ಅವರ ‘ಸ್ಯಾಡ್ ಬುಕ್’, 2004ರದು, ಚಿತ್ರಗಳು ಕ್ವೆಂಟಿನ್ ಬ್ಲೇಕ್ ಅವರವು. ರೋಸೆನ್ ಅವರ ಮಗ ಎಡ್ಡಿ 1999ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮೆದುಳಿನ ಪೊರೆಯ ಸೋಂಕಿನಿಂದ ತೀರಿಕೊಂಡ. ಮೊದಲ ಪುಟದಲ್ಲಿ ಹಲ್ಲು ಬಿಟ್ಟು ನಗುವ ಮುಖ. ಇದು ನಾನು ದುಃಖದಲ್ಲಿರುವುದು, ಬೇಜಾರಾಗಿ ಕಂಡರೆ ಜನಕ್ಕೆ ಹಿಡಿಸುವುದಿಲ್ಲ ಅಂತ ನಗುತ್ತಿದ್ದೇನೆ ಅನ್ನುತ್ತಾರೆ ರೋಸೆನ್. ಸಮಾಧಾನದ ಮಾತು ಹುಡುಕಿದರೂ ಸಿಗುವುದಿಲ್ಲ. ಮಕ್ಕಳ ಪುಸ್ತಕ ಬರೆಯುವವರಿಗೆ ಸುತ್ತಿ ಬಳಸಿ ಹೇಳುವ ಅನುಕೂಲ ಇಲ್ಲದ್ದರಿಂದ ಇಷ್ಟು ನೇರವಾಗಿ ಬರುತ್ತದೋ ಏನೋ.

“ಇದನ್ನ ನಂಗೆ ಯಾವತ್ತೂ ಕೊಟ್ಟಿಲ್ಲ” ಎಂದಳು ತಂಗಿ. ತಾರೀಖು ನೋಡಿದೆವು. ಆಗ ಅವಳು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ಮಕ್ಕಳೇ ಇರಲಿಲ್ಲ.

“ನಿನಗೇ ತಂದಿದ್ರೋ ಏನೋ. ಕೊಡಕ್ಕೆ ಆಗಿಲ್ಲ” ಎಂದೆ.

“ತಮಗೇ ತಗೊಂಡಿದ್ದಾರೆ ಬಿಡು” ಎಂದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಪುಸ್ತಕವನ್ನು ಡಬ್ಬಕ್ಕೆ ಹಾಕಲಿಲ್ಲ, ತನ್ನ ಬ್ಯಾಗಿಗೆ ಹಾಕಿಕೊಂಡಳು.

ಸಂಜೆ ಲೈಬ್ರರಿಯವರ ಫೋನ್ ಬಂತು, ಪಟ್ಟಿ ಸಿದ್ಧವಾಯಿತಾ ಅಂತ. ಇತಿಹಾಸ, ಪ್ರವಾಸ, ರೇಡಿಯೋ ಮತ್ತು ಪತ್ತೇದಾರಿ ಕಾದಂಬರಿಗಳನ್ನು ಈಗಲೇ ಕಳಿಸುತ್ತೇವೆ, ಉಳಿದವು ಸದ್ಯಕ್ಕಿಲ್ಲ ಅಂದೆವು. ಅವರಿಗೆ ಸ್ವಲ್ಪ ಬೇಜಾರಾಯಿತು. ಗೀಟಿದ್ದರೂ ಪರವಾಗಿಲ್ಲ, ನಾವು ಅಳಿಸಿಕೊಳ್ಳುತ್ತೇವೆ ಎಂದರು. ಬೇಡ ಅಂತ ತಂಗಿ ಫೋನಿನಲ್ಲೇ ಸ್ವಲ್ಪ ಜೋರಾಗಿ ಹೇಳಿದಳು.

ಉಳಿದ ಸಾಲು ಈಗ ಅವಳ ಮನೆಯಲ್ಲಿದೆ. ಓದುವುದಿಲ್ಲ ಅನ್ನುತ್ತಿದ್ದವಳು ‘ಫ್ರಾಂಕನ್‌ಸ್ಟೈನ್’ ಮುಗಿಸಿ ನನಗೆ ಫೋನ್ ಮಾಡಿದ್ದಳು. ಅವಳ ಪ್ರಕಾರ ತಪ್ಪೆಲ್ಲ ಆ ವಿಜ್ಞಾನಿಯದು. “ಹುಟ್ಟಿಸಿದ ಮೇಲೆ ಮಾತಾಡಿಸ್ಬೇಕು ತಾನೇ? ಮುಖ ನೋಡಿ ಓಡಿಹೋದ್ರೆ ಅದು ಇನ್ನೇನು ಮಾಡ್ಬೇಕಿತ್ತು?” ಈಗ ‘ಸೋಲಾರಿಸ್’ ಹಿಡಿದಿದ್ದಾಳೆ. ಗ್ರಹದ ವಿಜ್ಞಾನ ಜಾಸ್ತಿಯಾಯಿತು ಅಂತ ಗೊಣಗುತ್ತಾಳೆ. ಆ ಪುಟಗಳನ್ನು ಹಾರಿಸಿ ಚಿಕ್ಕಪ್ಪನ ಗೀಟು ಇರುವ ಕಡೆ ಮಾತ್ರ ನಿಧಾನವಾಗಿ ಓದುತ್ತಿದ್ದಾಳಂತೆ. ಕೆಲವು ಕಡೆ ಪಕ್ಕದಲ್ಲಿ ಪೆನ್ನಿನಲ್ಲಿ ಉತ್ತರವನ್ನೂ ಬರೆಯುತ್ತಿದ್ದಾಳೆ. ಏನು ಬರೆದೆ ಅಂತ ಕೇಳಿದರೆ ಹೇಳುವುದಿಲ್ಲ.