ಲಿಥಿಯಂ, ಉಪ್ಪು, ಮತ್ತ ನಮ್ಮ ಬಾಗಲಕೋಟಿ ಬಿಸಲು

ಹೋಳಿ ಮುಗೀತು ಅಂದ್ರ ನಮ್ಮ ಬಾಗಲಕೋಟ್ಯಾಗ ಬ್ಯಾಸಗಿ ಬಂತಂತನ ಲೆಕ್ಕ. ಬಣ್ಣದ ಬಂಡಿ ಹೋಗಿ, ಹಲಗಿ ಸಪ್ಪಳ ನಿಂತು, ಮಂದಿ ಎಲ್ಲಾ ಅಟ್ಟದ ಮ್ಯಾಲಿಂದ ಕೂಲರ್ ಇಳಸಾಕ ಶುರು ಮಾಡ್ತಾರ, ನಾ ಲ್ಯಾಬಿಗೆ ಹೋಗಿ ರಕ್ತದಾಗಿನ ಲಿಥಿಯಂ ಲೆವೆಲ್ ಮಾಡಿಸ್ಕೊಂಡು ಬರ್ತೀನಿ. ನಂಗ ಬೈಪೋಲಾರ್ ಐತಿ, ಅಂದ್ರ ಮನಸ್ಸು ಒಮ್ಮೊಮ್ಮೆ ವಿಪರೀತ ಹುರುಪಿಗೆ ಏರತೈತಿ (ಇದಕ್ಕ ಮೇನಿಯಾ ಅಂತಾರ), ಒಮ್ಮೊಮ್ಮೆ ಡಿಪ್ರೆಶನ್ನಿಗೆ ಇಳೀತೈತಿ. ಅದರ ಕಥಿ ಇವತ್ತ ಬ್ಯಾಡ, ಬರೇ ಅದಕ್ಕ ತಗೊಳ್ಳೋ ಲಿಥಿಯಂ ಗುಳಿಗಿ ಬಗ್ಗೆ ಬರೀತೀನಿ, ಯಾಕಂದ್ರ ಗೊತ್ತಾದ ಮಂದಿ ಎಲ್ಲಾರೂ ಕೇಳೋದು ಒಂದ ಪ್ರಶ್ನೆ: "ದಿನಾ ಮರೀದಂಗ ಹೆಂಗ ತಗೋತಿ?" ಮರೆಯೋದು ಅಷ್ಟು ದೊಡ್ಡ ಸಮಸ್ಯೆ ಅಲ್ಲರೀ. ಮೊಬೈಲ್‌ನಾಗ ಅಲಾರಾಂ ಇಟ್ಟು, ಏಳು ಖಾನಿ ಇರೋ ಪ್ಲಾಸ್ಟಿಕ್ ಡಬ್ಬಿ ತಂದ್ರ ಅದು ಅಲ್ಲಿಗೆ ಮುಗೀತು. ಒಂದಿನಾನೂ ತಪ್ಪಸದ ತಗೊಂಡೂ ಕೆಡತೈತಿ ನೋಡ್ರಿ, ಅದು ಸಮಸ್ಯೆ. ಬಿಸಲು, ಉಪ್ಪು, ನೀರು, ನಿದ್ದಿ, ಮತ್ತ ಮಂಡಿನೋವಿಗೆ ಅಂಗಡ್ಯಾಗ ಕೊಡೋ ಗುಳಿಗಿ, ಇವನ್ನೇನೂ ಡಾಕ್ಟರ್ ಚೀಟ್ಯಾಗ ಬರದು ಕೊಟ್ಟಿರಂಗಿಲ್ಲ.

ಲಿಥಿಯಂ ಅನ್ನೋದು ಸೋಡಿಯಂ ಕುಲದ್ದ, ಕಿಡ್ನಿಗೆ ಇವೆರಡರ ನಡುವ ಸರಿಯಾಗಿ ಫರಕ್ ಗೊತ್ತಾಗಂಗಿಲ್ಲ. ಬೆವರು ಹೋಗಿ ಮೈಯಾಗಿನ ನೀರು ಉಪ್ಪು ಕಮ್ಮಿ ಆತು ಅಂದ್ರ ಕಿಡ್ನಿ ಸೋಡಿಯಂ ಹಿಡದಿಟ್ಕೊಳಾಕ ನೋಡತೈತಿ, ಅದರ ಕೂಡ ಲಿಥಿಯಂನೂ ಹಿಡದಿಟ್ಕೋತೈತಿ, ಉಚ್ಚಿ ಒಳಗ ಹೋಗಬೇಕಾದ್ದು ವಾಪಸ್ ರಕ್ತಕ್ಕ ಬರತೈತಿ. ನೀವು ನುಂಗಿದ್ದು ಅವ ಗುಳಿಗಿ, ಅಷ್ಟ ಲೆಕ್ಕ, ಆದ್ರ ಲೆವೆಲ್ ಏರಿ ಕುಂತಿರತೈತಿ. ಬಹಳ ಮಂದಿಗೆ ದಿನಾ ಇಟ್ಕೊಳ್ಳೋ ಲೆವೆಲ್ ಲೀಟರಿಗೆ 0.6 ರಿಂದ 0.8 ಮಿಲಿಮೋಲ್, ಮೇನಿಯಾ ಜೋರಾದಾಗ 1.0 ಅಥವಾ ಸ್ವಲ್ಪ ಮ್ಯಾಲ ಒಯ್ತಾರ, 1.5 ದಾಟಿತು ಅಂದ್ರ ವಿಷ ಏರಿದ ಲಕ್ಷಣ ಶುರು ಆಗಬಹುದು, ವಯಸ್ಸಾದವರಿಗೆ ಅದಕ್ಕಿಂತ ಕೆಳಗೂ ಶುರು ಆಗೋದುಂಟು. ಅಂದ್ರ ಔಷಧಕ್ಕೂ ವಿಷಕ್ಕೂ ನಡುವ ಇರೋ ಜಾಗಾ ಒಂದಕ್ಕ ಎರಡರಷ್ಟು, ಬಾಳ ಆದ್ರ. ಏಪ್ರಿಲ್ ಮೇ ತಿಂಗಳಾಗ ನಲವತ್ತು ಡಿಗ್ರಿ ದಾಟೋ ಊರಾಗ ಇರೋರಿಗೆ ಇದು ಪುಸ್ತಕದ ಮಾತಲ್ಲ.

ಇದರ ಹಿಂದ ಒಂದು ಇತಿಹಾಸ ಐತಿ, ನಂಗ ಬಹಳ ವಿಚಿತ್ರ ಅನ್ನಿಸಿದ್ದು. 1949ರಾಗ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರ್ ಮೇನಿಯಾಕ್ಕ ಲಿಥಿಯಂ ಕೆಲಸ ಮಾಡತೈತಿ ಅಂತ ಬರದು ಪ್ರಕಟ ಮಾಡಿದ್ರು. ಅದ 1949ರಾಗ ಅತ್ತಾಗ ಅಮೆರಿಕಾದಾಗ ಹಾರ್ಟ್ ಪೇಷಂಟ್‌ಗಳಿಗೆ ಉಪ್ಪಿನ ಬದಲಿ ಅಂತ ಲಿಥಿಯಂ ಕ್ಲೋರೈಡ್ ಮಾರತಿದ್ರು, ಉಪ್ಪು ಬಿಟ್ಟ ಮಂದಿ ಅದನ್ನ ಊಟದ ಮ್ಯಾಲ ಉದರಿಸ್ಕೊಂಡು ತಿಂದು ಕೆಲವರು ಸತ್ರು, ಸರ್ಕಾರ ಅದನ್ನ ಅಂಗಡಿಯಿಂದ ತಗಿಸ್ತು. ಉಪ್ಪು ಬಿಡೋದು, ಲಿಥಿಯಂ ತಿನ್ನೋದು, ಎರಡೂ ಒಟ್ಟಿಗಿ ಆದ್ರ ಏನಾಗತೈತಿ ಅಂತ ಅವತ್ತ ಗೊತ್ತಾತು. ಆ ಹೆದರಿಕಿಯಿಂದನ ಅಮೆರಿಕಾದಾಗ ಈ ಔಷಧಕ್ಕ ಪರವಾನಗಿ ಸಿಗಾಕ 1970 ಆಗಬೇಕಾತು ಅಂತಾರ.

ಅದಕ್ಕ, ಬಿಪಿ ಐತಿ ಅಂತ ಯಾರೋ ಹೇಳಿದ್ರು ಅಂತ ಒಮ್ಮಿಗೇ ಉಪ್ಪು ಬಿಡಬ್ಯಾಡ್ರಿ. ಉಪ್ಪು ಜಾಸ್ತಿ ತಿನ್ರಿ ಅಂತಾನೂ ಅಲ್ಲ, ಇವತ್ತೊಂದು ನಾಳಿಗೊಂದು ಮಾಡಬಾರದು ಅಷ್ಟ. ನಮ್ಮ ಊಟಾ ನೋಡ್ರಿ, ಜ್ವಾಳದ ರೊಟ್ಟಿಗೆ ಹಿಟ್ಟಿನಾಗ ಉಪ್ಪು ಹಾಕಂಗಿಲ್ಲ, ಉಪ್ಪೆಲ್ಲಾ ಪಲ್ಯಾ, ಹಿಂಡಿ, ಉಪ್ಪಿನಕಾಯಿ, ಮಜ್ಜಿಗ್ಯಾಗ ಬರಬೇಕು. ಬಿಸಲಿಗೆ ಊಟಾ ಸೇರವಲ್ದು ಅಂತ ಬರೇ ಹಣ್ಣು ನೀರು ಕುಡದು ಇದ್ದಬಿಟ್ರ ಉಪ್ಪು ತಾನಾಗೇ ಕಮ್ಮಿ ಆಗತೈತಿ, ಇದು ಯಾರ ಲಕ್ಷಕ್ಕೂ ಬರಂಗಿಲ್ಲ. ಬ್ಯಾಸಗ್ಯಾಗ ನಾ ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗಿ ತಪ್ಪಸಂಗಿಲ್ಲ. ಚಾನೂ ಹಂಗ. ಚಾ ಕಾಫಿಯೊಳಗಿನ ಕೆಫೀನ್ ಲಿಥಿಯಂನ ಹೊರಗ ಹಾಕಾಕ ಹಚ್ಚತೈತಿ, ದಿನಕ್ಕ ಆರೇಳು ಸಲ ಚಾ ಕುಡಿಯೋರು ಶ್ರಾವಣದಾಗ ಒಮ್ಮಿಗೇ ಚಾ ಬಿಟ್ಟೆ ಅಂದ್ರ ಲೆವೆಲ್ ಏರಬಹುದು. ಬಿಡೂದಿದ್ರ ಒಂದೊಂದ ಕಪ್ ಕಮ್ಮಿ ಮಾಡ್ರಿ.

ಟೆಸ್ಟಿನ ಮಾತು. ರಾತ್ರಿ ಗುಳಿಗಿ ತಗೊಂಡು ಹನ್ನೆರಡು ತಾಸಿಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕ ತಗೊಂಡ್ರ ಮುಂಜಾನಿ ಒಂಬತ್ತಕ್ಕ ಕೊಡಬೇಕು, ಮುಂಜಾನಿ ಗುಳಿಗಿ ಇದ್ದವರು ಅದನ್ನ ರಕ್ತ ಕೊಟ್ಟ ಮ್ಯಾಲ ತಗೋಬೇಕು. ಮದ್ಲ ತಗೊಂಡು ಹೋದ್ರ ಲೆವೆಲ್ ಸುಳ್ಳ ಜಾಸ್ತಿ ಬರತೈತಿ, ಡಾಕ್ಟರ್ ಡೋಸ್ ಇಳಸ್ತಾರ, ಆಮ್ಯಾಲ ಮೇನಿಯಾ ಬಂದು ಬಾಗಲಾ ಬಡೀತೈತಿ. ಇನ್ನೊಂದು, ಇದನ್ನ ಲ್ಯಾಬಿನವರಿಗೂ ಕೆಲವೊಮ್ಮೆ ನೆನಪು ಮಾಡಬೇಕಾಗತೈತಿ: ಹಸರ ಮುಚ್ಚಳದ ಕೆಲವು ಟ್ಯೂಬಿನಾಗ ಲಿಥಿಯಂ ಹೆಪಾರಿನ್ ಅಂತ ಇರತೈತಿ, ರಕ್ತ ಹೆಪ್ಪುಗಟ್ಟಬಾರದು ಅಂತ ಹಾಕಿರೋದು. ಅದರಾಗ ರಕ್ತ ತಗದ್ರ ಟ್ಯೂಬಿನೊಳಗಿನ ಲಿಥಿಯಂ ಸೇರಿ ರಿಪೋರ್ಟ್ ಕೆಟ್ಟು ಹೋಗತೈತಿ. "ಅಣ್ಣಾ, ಆ ಟ್ಯೂಬ್ ಬ್ಯಾಡ್ರಿ" ಅಂದ್ರ ಸಿಟ್ಟಾಗೋರು ಅದಾರ, ಆಗ್ಲಿ ಬಿಡ್ರಿ. ಡೋಸ್ ಬದಲಿ ಮಾಡಿದ್ರ ಐದಾರು ದಿವಸ, ಒಂದು ವಾರದ ಮ್ಯಾಲ ಮತ್ತ ಲೆವೆಲ್ ನೋಡಬೇಕು, ಮದ್ಲಿನ ವರ್ಷ ಮೂರು ತಿಂಗಳಿಗೊಮ್ಮೆ, ಆಮ್ಯಾಲ ಎಲ್ಲಾ ಸುದ್ದಾ ಇದ್ರ ಆರು ತಿಂಗಳಿಗೊಮ್ಮೆ. ಕಿಡ್ನಿ ಹೆಂಗೈತಿ ಅಂತ ತೋರಸೋ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೆ. ಥೈರಾಯ್ಡ್ ಕಮ್ಮಿ ಆದ್ರೂ ಮಬ್ಬು ಬರತೈತಿ, ಮೈ ಭಾರ ಆಗತೈತಿ, ಡಿಪ್ರೆಶನ್ ವಾಪಸ್ ಬಂತಂತ ತಿಳಕೊಂಡು ಇನ್ನೊಂದು ಗುಳಿಗಿ ಸೇರಸೋದಕ್ಕಿಂತ ಮದ್ಲ ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಿಸೋದು ಛಲೋ.

ಈಗ ನನ್ನ ದೊಡ್ಡ ತಕರಾರು, ನೋವಿನ ಗುಳಿಗಿ. ನಮ್ಮ ಕಡೆ ಮಂಡಿನೋವು, ಸೊಂಟನೋವು, ಹಲ್ಲುನೋವು ಅಂದ್ರ ಯಾರೂ ದವಾಖಾನಿಗೆ ಹೋಗಂಗಿಲ್ಲ, ಔಷಧ ಅಂಗಡಿಗೆ ಹೋಗಿ "ಒಂದು ನೋವಿಂದು ಕೊಡ್ರಿ" ಅಂತಾರ, ಅವರೂ ಸ್ಟ್ರಿಪ್‌ನಿಂದ ನಾಕು ಕತ್ತರಿಸಿ ಕೊಡ್ತಾರ, ಹೆಸರು ಕತ್ತರಿಯಾಗ ಹೋಗಿರತೈತಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮುಟ್ಟಿನ ಹೊಟ್ಟಿನೋವಿಗೆ ಕೊಡೋ ಮೆಫೆನಾಮಿಕ್ ಆಸಿಡ್, ಇವೆಲ್ಲಾ ಲಿಥಿಯಂ ಲೆವೆಲ್ ಏರಸ್ತಾವ. ಪ್ಯಾರಾಸಿಟಮಾಲ್ ನಡೀತೈತಿ. ಆದ್ರ ಮೋಸ ಇಲ್ಲೇ ಐತಿ, ನಮ್ಮಲ್ಲಿ ಬಹಳ ಮಾರೋದು ಅಸಿಕ್ಲೋಫೆನಾಕ್ ಮತ್ತ ಪ್ಯಾರಾಸಿಟಮಾಲ್ ಕೂಡಿಸಿದ್ದು, "ಇದರಾಗ ಪ್ಯಾರಾಸಿಟಮಾಲ್ ಐತ್ರಿ" ಅಂತ ಹೇಳಿ ಕೊಡ್ತಾರ, ಅವರು ಹೇಳಿದ್ದು ಸುಳ್ಳಲ್ಲ, ಪೂರಾ ಖರೇನೂ ಅಲ್ಲ. ಬಿಪಿ ಗುಳಿಗಿನೂ ಹಂಗ: ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಲಾಪ್ರಿಲ್, ಇಲ್ಲಾ ನೀರು ಇಳಸೋ ಹೈಡ್ರೋಕ್ಲೋರೋಥಯಾಝೈಡ್ ಹೊಸದಾಗಿ ಶುರು ಮಾಡೂದಿದ್ರ ಲಿಥಿಯಂ ಕೊಡೋ ಡಾಕ್ಟರಿಗೆ ಒಂದು ಮಾತು ಹೇಳಿ, ಲೆವೆಲ್ ನೋಡಿಸ್ಕೊಂಡ ಮಾಡಬೇಕು. ಬಿಪಿ ಡಾಕ್ಟರ್ ಒಬ್ರು, ಮನಸಿನ ಡಾಕ್ಟರ್ ಒಬ್ರು, ಇಬ್ರೂ ಒಬ್ರಿಗೊಬ್ರು ಫೋನ್ ಮಾಡ್ತಾರ ಅಂತ ತಿಳಕೋಬ್ಯಾಡ್ರಿ. ಆ ಕೆಲಸ ನಮ್ಮದ.

ವಿಷ ಏರಾಕ ಹತ್ತೇತಿ ಅಂತ ಹೆಂಗ ಗೊತ್ತಾಗತೈತಿ? ಸಣ್ಣ ಕೈ ನಡಗ ಲಿಥಿಯಂ ತಗೊಳ್ಳೋ ಬಹಳ ಮಂದಿಗೆ ಇರತೈತಿ, ನನಗೂ ಐತಿ, ಸೂಜಿಗೆ ದಾರ ಪೋಣಸಾಕ ಬ್ಯಾರೆಯವರನ್ನ ಕರೀತೀನಿ. ಅದು ಹೋಗಿ ಚಾ ಕಪ್ ತುಳಕೋ ಹಂಗ ಕೈ ಅಲಗಾಡಿದ್ರ, ನಡೀವಾಗ ಜೋಲಿ ಹೊಡದ್ರ, ನಾಲಿಗಿ ತೊದಲಿದ್ರ, ವಾಂತಿ ಭೇದಿ ಆದ್ರ, ಮಂಕ ಹಿಡದ್ರ ಮುಂದಿನ ಡೋಸ್ ತಗೋಬ್ಯಾಡ್ರಿ, ತಡಾ ಮಾಡದ ದೊಡ್ಡ ಆಸ್ಪತ್ರಿಗೆ ಹೋಗಿ "ಲಿಥಿಯಂ ತಗೋತೀನಿ" ಅಂತ ಮದ್ಲ ಹೇಳ್ರಿ. ಬ್ಯಾಸಗಿ ವಾಂತಿ ಭೇದಿ ಎರಡೂ ಕಡೆ ಕೊಯ್ಯತೈತಿ, ವಿಷ ಏರಿದ್ದಕ್ಕೂ ಭೇದಿ ಆಗತೈತಿ, ಬ್ಯಾರೆ ಕಾರಣಕ್ಕ ಭೇದಿ ಆಗಿ ನೀರು ಹೋದ್ರೂ ವಿಷ ಏರತೈತಿ. ಮದುವಿ ಊಟಾ ಉಂಡು ಹೊಟ್ಟಿ ಕೆಟ್ಟೇತಿ ಅಂತ ಮನ್ಯಾಗ ಮಲಗಿ ಓಆರ್‌ಎಸ್ ಕುಡಕೋತ ಗುಳಿಗಿ ನುಂಗೋದು ಸರಿ ಅಲ್ಲ, ಅವತ್ತ ಡಾಕ್ಟರಿಗೆ ಫೋನ್ ಹಚ್ಚಬೇಕು.

ನಿದ್ದಿ ವಿಷಯ ಗುಳಿಗಿ ಡಬ್ಬ್ಯಾಗ ಇರಂಗಿಲ್ಲ, ಆದ್ರ ನನ್ನ ಮಟ್ಟಿಗೆ ಅದೂ ಒಂದು ಔಷಧನ. ಬೈಪೋಲಾರ್ ಇದ್ದವರಿಗೆ ಒಂದೆರಡು ರಾತ್ರಿ ನಿದ್ದಿಗೆಟ್ರ ಸಾಕು, ಮೇನಿಯಾ ಎಬ್ಬಸಬಹುದು. ನಮ್ಮ ಕಡೆ ಹಬ್ಬ ಜಾತ್ರಿ ಎಲ್ಲಾ ರಾತ್ರಿದ. ಪುಷ್ಯ ಹುಣ್ಣಿಮಿಗೆ ಬಾದಾಮಿ ಬನಶಂಕರಿ ಜಾತ್ರಿ, ತೇರು ಎಳದ ಮ್ಯಾಲೂ ನಾಟಕ ಕಂಪನಿಗೋಳು ಅಲ್ಲೇ ಬೀಡು ಬಿಟ್ಟಿರ್ತಾವ, ಒಂದು ಮುಗದ್ರ ಇನ್ನೊಂದು ಟೆಂಟಿಗೆ ಹೋಗೋ ಮಂದಿ ಅದಾರ. ನಾನೂ ನಾಟಕದ ಹುಚ್ಚಿನ. ನಾ ಮದ್ಲಿನ ಆಟ ನೋಡ್ತೀನಿ, ಗುಳಿಗಿ ಹೊತ್ತಿಗೆ ವಾಪಸ್ ಬರ್ತೀನಿ, ಮರುದಿನ ನಿದ್ದಿ ಬಿಡಂಗಿಲ್ಲ. ತಂಗಿ ಬೈತಾಳ, ಬೈಲಿ. ಆಷಾಢದಾಗ ದಿಂಡಿ ಕೂಡ ಪಂಢರಪುರಕ್ಕ ನಡಕೋತ ಹೋಗೋರು ಅದಾರಲ್ಲ, ಅವರಿಗೆ ಬೆವರು, ಏಕಾದಶಿ ಉಪವಾಸ, ಅರೆನಿದ್ದಿ, ಮೂರೂ ಒಟ್ಟಿಗಿ ಬರ್ತಾವ, ಹೋಗೂದಕ್ಕ ಮದ್ಲ ಡಾಕ್ಟರ್ ಜೋಡಿ ಕುಂತು ಮಾತಾಡಿ ಹೋಗ್ರಿ. ರಮ್ಜಾನ್ ರೋಜಾ ಹಿಡಿಯೋರೂ ಹಂಗ, ಒಂದ ಹೊತ್ತು ರಾತ್ರಿ ಡೋಸ್ ಮಾಡಬಹುದೇನು, ಹಿಡೀಬಹುದೋ ಬ್ಯಾಡೋ, ತಿಂಗಳ ಮುಂಚೆ ಕೇಳಬೇಕು.

ದಾರ್ಯಾಗ ಗುಳಿಗಿ ಬಿಟ್ಟೋಗೋದು ಬ್ಯಾರೆ ತಲಿನೋವು. ಒಂದು ಡೋಸ್ ತಪ್ಪಿತು ಅಂತ ಮರುದಿನ ಎರಡು ನುಂಗಬ್ಯಾಡ್ರಿ. ಬೈಪೋಲಾರಿಗೆ ಕೊಡೋ ಇನ್ನೊಂದು ಗುಳಿಗಿ ಲ್ಯಾಮೋಟ್ರಿಜಿನ್ ತಗೊಳ್ಳೋರು ವಿಶೇಷ ಲಕ್ಷ ಕೊಡ್ರಿ, ಐದು ದಿವಸಕ್ಕಿಂತ ಜಾಸ್ತಿ ತಪ್ಪಿದ್ರ ಹಳೇ ಡೋಸಿಗೆ ಜಿಗಿಯಂಗಿಲ್ಲ, ಮತ್ತ 25 ಮಿಲಿಗ್ರಾಂನಿಂದ, ವ್ಯಾಲ್ಪ್ರೋಯೇಟ್ ಅನ್ನೋ ಗುಳಿಗಿ ಜೋಡಿ ಇದ್ರ ಅದಕ್ಕಿಂತಾ ಕಮ್ಮಿಯಿಂದ, ಡಾಕ್ಟರ್ ಹೇಳಿದಂಗ ವಾರಗಟ್ಟಲೆ ನಿಧಾನಕ್ಕ ಏರಸ್ಕೋತ ಹೋಗಬೇಕು. ಯಾಕಂದ್ರ ಇದನ್ನ ಗಡಿಬಿಡಿಲೆ ಏರಿಸಿದ್ರ ಮೈತುಂಬ ಗುಳ್ಳಿ ಎದ್ದು ತೊಗಲು ಸುಲಿಯೋ ಅಪಾಯ ಐತಿ, ಬಾಯಾಗ ಕಣ್ಣಾಗ ಹುಣ್ಣು, ಜ್ವರ ಬಂದ್ರ ಕಾಯಬಾರದು.

"ಆರಾಮ ಅದೀಯಲ್ಲ, ಇನ್ನೂ ಎಷ್ಟು ವರ್ಷ ನುಂಗತಿ, ಗುಳಿಗಿ ಚಟಾ ಆಗೇತಿ ನಿಂಗ." ಇದನ್ನ ಹೇಳದ ಸಂಬಂಧಿಕರು ಇಲ್ಲ. ಚಟಾ ಅಲ್ಲರೀ ಇದು, ಲಿಥಿಯಂನಾಗ ಅಂಥಾ ಅಮಲಿಲ್ಲ. ಆರಾಮ ಇರೋದ ಗುಳಿಗಿಯಿಂದ. ಒಮ್ಮಿಗೇ ಬಿಟ್ರ ಮೇನಿಯಾ ವಾಪಸ್ ಬರೋ ಸಾಧ್ಯತೆ ಜಾಸ್ತಿ, ಜೀವಾ ಕಳಕೊಳ್ಳೋ ಯೋಚನಿ ಬರೋ ಅಪಾಯಾನೂ ಜಾಸ್ತಿ. ಬಿಡಲೇಬೇಕು ಅಂತಿದ್ರ ಡಾಕ್ಟರ್ ಕಡೆ ಕನಿಷ್ಠ ನಾಕು ವಾರ, ಸಾಧ್ಯ ಆದ್ರ ಮೂರು ತಿಂಗಳ ತನಕ ಹಂತಹಂತವಾಗಿ ಇಳಸ್ತಾರ. ಇನ್ನ ಡಿಪ್ರೆಶನ್ ಅಂತ ಬರೇ ಆಂಟಿಡಿಪ್ರೆಸೆಂಟ್ ಒಂದನ್ನ ಕೊಟ್ಟಿದ್ರ, ಹಿಂದ ಎಂದರ ನಿದ್ದಿ ಇಲ್ಲದ ಹುರುಪು ಬಂದಿತ್ತು, ರೊಕ್ಕಾ ಸುರದಿದ್ದೆ ಅಂತ ಡಾಕ್ಟರಿಗೆ ಹೇಳ್ರಿ, ಬೈಪೋಲಾರ್‌ನಾಗ ಅದು ಒಂದ ಇದ್ರ ಮನಸ್ಸನ್ನ ಮೇನಿಯಾ ಕಡೆ ನೂಕಬಹುದು.

ಹೆಣ್ಣುಮಕ್ಕಳಿಗೆ ಒಂದು ಮಾತು, ಇದನ್ನ ಬರಿಯಾಕಂತನ ಕುಂತೀನಿ. ನಂಗ ಮದ್ಲ ಬರದುಕೊಟ್ಟಿದ್ದು ಸೋಡಿಯಂ ವ್ಯಾಲ್ಪ್ರೋಯೇಟ್. ಬರದ ಡಾಕ್ಟರು ಲಗ್ನ ಆಗೇತೇನು, ಮಕ್ಕಳ ಯೋಚನಿ ಐತೇನು, ಏನೂ ಕೇಳಲಿಲ್ಲ, ಅಪ್ಪನ ಕಡೆ ಮುಖಾ ಮಾಡಿ ಮಾತಾಡಿದ್ರು. ಬಸರಿದ್ದಾಗ ವ್ಯಾಲ್ಪ್ರೋಯೇಟ್ ತಗೊಂಡ್ರ ಹತ್ತರಾಗ ಒಂದು ಕೂಸಿಗೆ ಹುಟ್ಟುದೋಷ, ಹತ್ತರಾಗ ಮೂರ್ನಾಕು ಮಕ್ಕಳಿಗೆ ಮಾತು, ಬುದ್ಧಿ ಬೆಳವಣಿಗ್ಯಾಗ ತೊಂದ್ರಿ, ಇದು ಗೊತ್ತಿರೋ ವಿಷಯ, ಬ್ರಿಟನ್‌ನಾಗ 2018ರಿಂದ ಬಸರಾಗದಂಗ ಪಕ್ಕಾ ವ್ಯವಸ್ಥಾ ಇಲ್ಲದ ಹೆಣ್ಣುಮಕ್ಕಳಿಗೆ ಅದನ್ನ ಕೊಡೂ ಹಂಗ ಇಲ್ಲ ಅಂತ ನಿಯಮ ಮಾಡ್ಯಾರ. ಬ್ಯಾರೆ ಡಾಕ್ಟರ್ ಸಿಕ್ಕ ಮ್ಯಾಲ ನನ್ನ ಲಿಥಿಯಂಗೆ ತಂದ್ರು. ಲಿಥಿಯಂನಿಂದನೂ ಮದ್ಲಿನ ಮೂರು ತಿಂಗಳಾಗ ಕೂಸಿನ ಹಾರ್ಟಿಗೆ ಸ್ವಲ್ಪ ರಿಸ್ಕ್ ಐತಿ, ವ್ಯಾಲ್ಪ್ರೋಯೇಟಿಗಿಂತ ಬಾಳ ಕಮ್ಮಿ, ಅದಕ್ಕ ಪ್ಲಾನ್ ಮಾಡಿ ಆಗಬೇಕು. ಮುಟ್ಟು ತಪ್ಪಿತು ಅಂತ ಗಾಬರಿಯಿಂದ ನೀವ ಎಲ್ಲಾ ನಿಲ್ಲಸಬ್ಯಾಡ್ರಿ, ಅವತ್ತ ಫೋನ್ ಮಾಡ್ರಿ. ಲಗ್ನದ ಮಾತುಕತಿ ಹೊತ್ತಿಗೆ ಮನ್ಯಾಗ ಗುಳಿಗಿ ಮುಚ್ಚಿಡೋದು, ಅತ್ತಿಮನಿಗೆ ಹೋದ ಮ್ಯಾಲ ಯಾರಿಗೂ ಕಾಣದಂಗ ಬಿಟ್ಟಬಿಡೋದು, ಇದರಿಂದ ಕೆಟ್ಟ ಸಂಸಾರ ನಮ್ಮ ಓಣ್ಯಾಗನ ಅದಾವ.

ಖರ್ಚಿನ ಮಾತು ಅಂದ್ರ, ಲಿಥಿಯಂ ತುಟ್ಟಿ ಔಷಧ ಅಲ್ಲ, ಟೆಸ್ಟ್ ಮತ್ತ ಓಡಾಟಾನ ತುಟ್ಟಿ. ಸರ್ಕಾರಿ ಜಿಲ್ಲಾ ಆಸ್ಪತ್ರ್ಯಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂದಿ ಇರ್ತಾರ, ಮನೋಚೈತನ್ಯ ಅಂತ ತಾಲೂಕಾ ಆಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರೋ ಯೋಜನೆನೂ ಐತಿ, ಹೋಗೂದಕ್ಕ ಮದ್ಲ ಈ ವಾರ ಬರ್ತಾರೇನು ಅಂತ ಕೇಳಕೊಂಡು ಹೋಗ್ರಿ. ಕೇಸ್ ಕಷ್ಟದ್ದಿದ್ರ ನಮ್ಮ ಮಂದಿ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಹೋಗ್ತಾರ. ರಾತ್ರಿ ಯಾರೂ ಸಿಗದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಾಗ ಮಾತಾಡ್ತಾರ, ರೊಕ್ಕಾ ಇಲ್ಲ. ಎಲ್ಲಿಗೇ ಹೋದ್ರೂ ಹಳೇ ಚೀಟಿ ಜೋಡಿ ಖಾಲಿ ಸ್ಟ್ರಿಪ್ ಒಯ್ರಿ, ಯಾಕಂದ್ರ 300 ಮಿಲಿಗ್ರಾಂ ಸಾದಾ ಗುಳಿಗಿ ಬ್ಯಾರೆ, 400 ಎಸ್‌ಆರ್ ಬ್ಯಾರೆ. ಎಸ್‌ಆರ್ ಅಂದ್ರ ನಿಧಾನಕ್ಕ ಕರಗೋದು, ಅದನ್ನ ಕುಟ್ಟಿ ಪುಡಿ ಮಾಡಿ ನುಂಗಂಗಿಲ್ಲ. "ಅದು ಇಲ್ಲ, ಇದು ತಗೋರಿ, ಎರಡೂ ಒಂದ" ಅಂತ ಅಂಗಡಿಯಂವ ಅಂದ್ರ, ಕೌಂಟರ್ ಮುಂದ ನಿಂತ ಡಾಕ್ಟರಿಗೆ ಫೋಟೋ ಕಳಿಸಿ, ಹೂಂ ಅಂದ ಮ್ಯಾಲ ರೊಕ್ಕಾ ಕೊಡ್ರಿ.